ಹ್ಯಾಂಡಲ್‌ಗೆ ತೂಗುಹಾಕಿದ ಬುತ್ತಿ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಹಸಿದುಕೊಂಡು ಓಡಾಡುವುದು ಸುಲಭವಲ್ಲ. ಮೆಟ್ರೊ ನಿಲ್ದಾಣದ ಕಡೆಯಿಂದ ಎಂಟನೇ ಕ್ರಾಸ್ ದಾಟಿ ಹದಿನೆಂಟನೇ ಕ್ರಾಸ್‌ನತ್ತ ಹೊರಟರೆ ಫಿಲ್ಟರ್ ಕಾಫಿ, ತುಪ್ಪ, ಬೋಂಡ ಕರಿದ ಎಣ್ಣೆ ಎಲ್ಲದರ ಪರಿಮಳವೂ ಸರದಿಯಂತೆ ಮೂಗಿಗೆ ಬಡಿಯುತ್ತದೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಇದೇ ರಸ್ತೆಯಲ್ಲಿ ದುಡಿಯುವ ಆಟೊ ಚಾಲಕರು, ಬಿಎಂಟಿಸಿ ಕಂಡಕ್ಟರುಗಳು, ಹೂವು ಮಾರುವವರು, ಸಂಚಾರಿ ಪೊಲೀಸರು, ಬೆನ್ನಿಗೆ ಚೌಕ ಬ್ಯಾಗು ಕಟ್ಟಿಕೊಂಡ ಡೆಲಿವರಿ ಹುಡುಗರು ಹೊತ್ತಿಗೆ ಸರಿಯಾಗಿ ಉಣ್ಣುವುದು ಅಪರೂಪ.

ಇವರಿಗೆ ತಿಂಡಿಯ ಕೊರತೆಯಿಲ್ಲ, ಬಿಡುವಿನ ಕೊರತೆ. ಅದರಲ್ಲೂ ಡೆಲಿವರಿಯವರದ್ದು ವಿಚಿತ್ರ ಪಾಡು. ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ, ರಾತ್ರಿ ಏಳೂವರೆಯಿಂದ ಹತ್ತರವರೆಗೆ ಆರ್ಡರ್‌ಗಳು ಒಂದರ ಹಿಂದೊಂದು ಬೀಳುತ್ತವೆ. ಊರಿನ ಊಟದ ಹೊತ್ತೇ ಇವರಿಗೆ ಗಳಿಕೆಯ ಹೊತ್ತು. ಆಗ ಅರ್ಧ ಗಂಟೆ ಕೂತರೆ ಇನ್ಸೆಂಟಿವ್ ಕೈತಪ್ಪುತ್ತದೆ. ಹಾಗಾಗಿ ‘ಮಧ್ಯಾಹ್ನಕ್ಕೆ ಪೌಷ್ಟಿಕ ಊಟ ಮಾಡಿ’ ಎಂಬ ಉಪದೇಶ ಇವರಿಗೆ ನಾಟುವುದಿಲ್ಲ. ಹನ್ನೊಂದೂವರೆಗೆ ಅರ್ಧ ಊಟ, ಮೂರೂವರೆಗೆ ಇನ್ನರ್ಧ, ನಡುವೆ ಸಿಗ್ನಲ್‌ನಲ್ಲೂ ಬಾಯಿಗೆ ಹಾಕಿಕೊಳ್ಳಬಹುದಾದ ಒಂದು ಹಿಡಿ ಏನಾದರೂ ಎಂದು ದಿನವನ್ನು ಒಡೆದುಕೊಳ್ಳುವುದೇ ವಾಸಿ. ಆಟೊದವರಿಗೂ ಈ ಲೆಕ್ಕವೇ ಒಳ್ಳೆಯದು. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ದೇಹ ತಾನಾಗಿಯೇ ತೂಕಡಿಸುತ್ತದೆ. ಅದರ ಮೇಲೆ ತಟ್ಟೆ ತುಂಬ ಬಿಳಿ ಅನ್ನ ಸುರಿದರೆ ಹ್ಯಾಂಡಲ್ ಹಿಡಿದವನ ಕಣ್ಣು ಎಳೆಯದೆ ಇರುತ್ತದೆಯೇ?

ನಿಂತು ತಿನ್ನುವ ಹೋಟೆಲು ಬೆಂಗಳೂರು ಕಂಡುಕೊಂಡ ಒಂದು ಉಪಾಯ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಶುರುಮಾಡಿದ ಕೆಫೆ ದರ್ಶಿನಿಯಿಂದ ಅದು ಊರೆಲ್ಲ ಹಬ್ಬಿತು. ಕೂತು ತಿನ್ನುವ ಹಳೆಯ ಹೋಟೆಲುಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ. ಸಂಪಿಗೆ ರಸ್ತೆಯಲ್ಲೇ 1954ರಿಂದ ಇದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಹೋಟೆಲಲ್ಲೇ ತಿನ್ನುವುದಾದರೆ ನನ್ನ ಮತ ಇಡ್ಲಿಗೆ. ಹುದುಗು ಬಂದದ್ದು, ಹಬೆಯಲ್ಲಿ ಬೆಂದದ್ದು, ಎಣ್ಣೆಯಿಲ್ಲದ್ದು. ಆದರೂ ಒಂದು ಮಾತು. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ತಪಾಸಣೆ ನಡೆಸಿದಾಗ ಕೆಲವು ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದುದು ಸಿಕ್ಕಿಬಿತ್ತು. ಸರ್ಕಾರ ಅದನ್ನು ನಿಷೇಧಿಸುವುದಾಗಿ ಹೇಳಿತು. ಕುದಿಯುವ ಸಾಂಬಾರನ್ನು ಕವರಿಗೆ ಸುರಿದು ಗಂಟುಹಾಕುವುದೂ, ಬಿಸಿ ವಡೆಯನ್ನು ನ್ಯೂಸ್‌ಪೇಪರಿನಲ್ಲಿ ಸುತ್ತುವುದೂ ಅದೇ ಜಾತಿಯ ಕೆಲಸ. ಅಚ್ಚಿನ ಶಾಯಿ ಹೊಟ್ಟೆಗೆ ಹೋಗುವಂಥದ್ದಲ್ಲ. ಪಾರ್ಸೆಲ್ ಬೇಕಾದವರು ಒಂದು ಸ್ಟೀಲ್ ಡಬ್ಬಿ ಚಾಚಿದರೆ ಯಾವ ಹೋಟೆಲಿನವರೂ ಬೇಸರಪಡುವುದಿಲ್ಲ.

ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುವವರಿಗೆ ಮುಖ್ಯ ಪ್ರಶ್ನೆ, ಯಾವುದು ಎಷ್ಟು ಹೊತ್ತು ತಡೆಯುತ್ತದೆ ಎಂಬುದು. ರುಚಿ, ಪುಷ್ಟಿ ಆಮೇಲಿನ ಮಾತು. ಅನ್ನವನ್ನೇ ನೋಡಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅಕ್ಕಿ ಬೆಂದರೂ ಅವು ಸಾಯುವುದಿಲ್ಲ. ಅನ್ನ ಬಿಸಿ ಆರಿ ಉಗುರುಬೆಚ್ಚಗಾದಾಗ ಮೊಳೆತು ಹೆಚ್ಚುತ್ತವೆ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿ ಇಂಥ ಜೀವಿಗಳಿಗೆ ಹಿತ. ಇದರ ಒಂದು ಬಗೆಯ ವಿಷ ಮತ್ತೆ ಬಿಸಿಮಾಡಿದರೂ ನಾಶವಾಗದು. ಬೆಳಗ್ಗೆ ಐದಕ್ಕೆ ಕಟ್ಟಿದ ತರಕಾರಿ ಪಲಾವ್ ಮಧ್ಯಾಹ್ನ ಎರಡಕ್ಕೆ ಬಾಯಿಗೆ ಬರುವಾಗ ಒಂಬತ್ತು ಗಂಟೆ ಕಳೆದಿರುತ್ತದೆ. ಡೆಲಿವರಿಯವರು ತಮ್ಮ ಡಬ್ಬಿಯನ್ನೂ ಗಿರಾಕಿಯ ಬಿಸಿ ಪಾರ್ಸೆಲ್‌ಗಳ ಜೊತೆ ಅದೇ ಬ್ಯಾಗಿನಲ್ಲಿ ಇಟ್ಟುಕೊಂಡರಂತೂ ಕಾವು ಕೊಟ್ಟು ಮರಿ ಮಾಡಿಸಿದಂತೆಯೇ. ಸ್ವಂತ ಡಬ್ಬಿ ಬೇರೆ ಚೀಲದಲ್ಲಿ, ನೆರಳಿನ ಬದಿಗೆ ಇರಲಿ.

ನಮ್ಮ ಹಿಂದಿನವರಿಗೆ ಈ ಬ್ಯಾಕ್ಟೀರಿಯಾದ ಹೆಸರು ಗೊತ್ತಿರಲಿಲ್ಲ, ಮದ್ದು ಗೊತ್ತಿತ್ತು. ದೂರ ಹೊರಟವರಿಗೆ ಕಟ್ಟಿಕೊಡುತ್ತಿದ್ದುದು ಪುಳಿಯೋಗರೆ, ಮೊಸರನ್ನ, ಗೊಜ್ಜವಲಕ್ಕಿ. ಹುಳಿ ಇದ್ದಲ್ಲಿ ಈ ಜೀವಿಗಳು ಬೇಗ ಬೆಳೆಯಲಾರವು. ಪುಳಿಯೋಗರೆ ಗೊಜ್ಜಿನಲ್ಲಿ ಹುಣಸೆಯ ಹುಳಿ, ಉಪ್ಪು, ಎಣ್ಣೆ ಮೂರೂ ಕಾವಲಿಗೆ ನಿಂತಿರುತ್ತವೆ. ಅನ್ನವನ್ನು ತಟ್ಟೆಗೆ ಹರಡಿ ಪೂರ್ತಿ ಆರಿಸಿ, ಆಮೇಲೆ ಗೊಜ್ಜು ಕಲಸಿ, ಡಬ್ಬಿ ಮುಚ್ಚಬೇಕು. ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದ ಹಬೆ ನೀರಾಗಿ ಮತ್ತೆ ಅನ್ನಕ್ಕೇ ಇಳಿಯುತ್ತದೆ.

ಮೊಸರನ್ನದ ಜಾಣತನ ಇನ್ನೂ ಮೇಲಿನದು. ಮೆತ್ತಗೆ ಬೆಂದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲನ್ನೇ ಹೆಚ್ಚು ಹಾಕಿ, ಮೊಸರನ್ನು ಒಂದೆರಡು ಚಮಚ ಮಾತ್ರ ಬೆರೆಸಿ ಕೊಟ್ಟರೆ ಅದು ದಾರಿಯಲ್ಲೇ ಹೆಪ್ಪಾಗುತ್ತದೆ. ಮೊಸರಿನ ಒಳ್ಳೆಯ ಬ್ಯಾಕ್ಟೀರಿಯಾ ಜಾಗ ಹಿಡಿದು ಹುಳಿ ಏರಿಸುತ್ತ ಹೋಗುವುದರಿಂದ ಕೆಟ್ಟವಕ್ಕೆ ಎಡೆ ಸಿಗುವುದಿಲ್ಲ. ಉಣ್ಣುವ ಹೊತ್ತಿಗೆ ಹುಳಿಯೂ ಹದವಾಗಿರುತ್ತದೆ. ಬೆಳಗ್ಗೆಯೇ ಪೂರ್ತಿ ಮೊಸರು ಕಲಸಿದರೆ ಮಧ್ಯಾಹ್ನ ಮುಖ ಕಿವಿಚಬೇಕಾದೀತು. ಸೌತೆಕಾಯಿ, ಈರುಳ್ಳಿ ಹೆಚ್ಚಿ ಬೆರೆಸುವುದು ಬೇಡ. ಉಪ್ಪು ತಾಗಿದೊಡನೆ ನೀರು ಬಿಡುತ್ತವೆ. ಕಾಯಿ ಚಟ್ನಿಯನ್ನಂತೂ ಬೇಸಗೆಯಲ್ಲಿ ನಂಬಲೇಬೇಡಿ. ಬೆಂಗಳೂರು ತಂಪಿನ ಊರೆಂಬ ಹೆಮ್ಮೆ ಹಳೆಯದಾಯಿತು, 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಇಡ್ಲಿ ಒಯ್ಯುವವರು ಅದನ್ನು ಎರಡು ಹೋಳು ಮಾಡಿ ಚಟ್ನಿಪುಡಿ, ಎಣ್ಣೆ ಸವರಿಕೊಂಡರೆ ಚೆಲ್ಲುವುದಿಲ್ಲ, ಹಳಸುವ ಭಯ ಕಡಿಮೆ, ಒಂದೇ ಕೈಯಲ್ಲಿ ತಿನ್ನಬಹುದು.

ನೀರಿನಂಶವೇ ಇಲ್ಲದ ಬುತ್ತಿ ಎಲ್ಲಕ್ಕಿಂತ ನಿಶ್ಚಿಂತೆಯದು. ಉತ್ತರ ಕರ್ನಾಟಕದ ಕಟಕ್ ರೊಟ್ಟಿಗೆ ಸಮ ಇನ್ನೊಂದಿಲ್ಲ. ಜೋಳದ ರೊಟ್ಟಿಯನ್ನು ಗರಿಗರಿಯಾಗಿ ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಅಥವಾ ಅಗಸೆ ಚಟ್ನಿ ಇದ್ದರೆ ಎಣ್ಣೆಕಾಳಿನ ಪುಷ್ಟಿಯೂ ಸೇರುತ್ತದೆ. ಹಳೆ ಮೈಸೂರಿನ ಕಡೆಗೆ ರಾಗಿ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ, ಕಾದ ಬಾಣಲೆಯಲ್ಲಿ ಅರಳು ಸಿಡಿಸಿ ಬೀಸಿದ ಈ ಹಿಟ್ಟು ಆಗಲೇ ಬೆಂದಿರುತ್ತದೆ; ಒಲೆ ಬೇಡ. ಮಜ್ಜಿಗೆಯೋ ಹಾಲು ಬೆಲ್ಲವೋ ಸಿಕ್ಕರೆ ಲೋಟದಲ್ಲೇ ಕಲಸಿ ಕುಡಿದು ಮುಂದಿನ ಬಾಡಿಗೆಗೆ ಹೊರಡಬಹುದು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಪ್ರೋಟೀನ್ ಪೌಡರ್ ಡಬ್ಬಿಗೆ ಸಾವಿರಾರು ರೂಪಾಯಿ ಸುರಿಯುವ ಊರಿನಲ್ಲಿ ಹುರಿಹಿಟ್ಟನ್ನು ಯಾರೂ ಜಾಹೀರಾತಿನಲ್ಲಿ ತೋರಿಸುವುದಿಲ್ಲ ಎಂಬುದೇ ಸೋಜಿಗ.

ಹೀಗೆ ಬೇಗ ಕೆಡದ ಆಹಾರದ ಶಾಸ್ತ್ರವನ್ನು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಿಂದ ಸೈನಿಕರಿಗಾಗಿ ಬೆಳೆಸಿದೆ. ಹಲವು ಪದರದ ಚೀಲಕ್ಕೆ ಅಡುಗೆ ತುಂಬಿ, ಬಿಗಿದು, ಒತ್ತಡದಲ್ಲಿ 121 ಡಿಗ್ರಿ ಸುತ್ತಮುತ್ತ ಕಾಯಿಸುವ ವಿಧಾನದಲ್ಲಿ ಬೀಜಕಣಗಳೂ ಸಾಯುತ್ತವೆ. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಬಾಳುತ್ತದೆ. ಅಂಗಡಿಯಲ್ಲಿ ಸಿಗುವ ರೆಡಿ ಟು ಈಟ್ ಪೊಟ್ಟಣಗಳೂ ಇದೇ ವಿಧಾನದವು. ಲಾರಿ ಓಡಿಸುವವರಿಗೆ ಅವು ಆಪತ್ತಿಗೆ ಆದಾವು. ಬಹಳಷ್ಟರಲ್ಲಿ ಉಪ್ಪು ಹೆಚ್ಚು, ಬೆಲೆಯೂ ಹೆಚ್ಚು.

ದಾರಿಯ ಊಟದಲ್ಲಿ ನಿಜಕ್ಕೂ ಬಡವಾಗುವುದು ಪ್ರೋಟೀನ್. 60 ಕಿಲೊ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ಎರಡು ಇಡ್ಲಿಯಿಂದ ಬರುವುದು ನಾಲ್ಕೈದು ಗ್ರಾಂ. ಖಾರಾಬಾತ್, ಬನ್ನು, ಟೀ ಎಂದು ದಿನ ದೂಡಿದರೆ ಹೊಟ್ಟೆ ತುಂಬಿದಂತಾಗಿ ಮೈ ಸೋಲುತ್ತದೆ. ಜೇಬಿನಲ್ಲಿ ಒಂದು ಹಿಡಿ ಹುರಿಗಡಲೆ ಅಥವಾ ಹುರಿದ ಕಡಲೆಬೀಜ ಇದ್ದರೆ ಆರೇಳು ಗ್ರಾಂ ಸೇರಿತು. ಒಂದು ಬೇಯಿಸಿದ ಮೊಟ್ಟೆಗೂ ಅಷ್ಟೇ. ಕಾರ್ತಿಕದಲ್ಲಿ ಕಾಡು ಮಲ್ಲೇಶ್ವರ ದೇವಸ್ಥಾನದ ಬಳಿ ಕಡಲೆಕಾಯಿ ಪರಿಷೆ ನೆರೆಯುವ ಬಡಾವಣೆಗೆ ಕಡಲೆಕಾಯಿಯ ಗುಣ ಹೇಳಿಕೊಡಬೇಕಿಲ್ಲ. ಹೆಸರುಕಾಳಿನ ಉಸ್ಲಿ, ಹುರುಳಿ ಗುಗ್ಗರಿ ಇನ್ನೂ ಒಳ್ಳೆಯವು. ಕಾಯಿತುರಿ ಹಾಕದೆ ಕಟ್ಟಿ, ಹನ್ನೊಂದರ ಒಳಗೆ ಮುಗಿಸಿ. ಹಣ್ಣಿಗೆ ಏಲಕ್ಕಿ ಬಾಳೆ ಸಾಕು, ಸಿಪ್ಪೆಯೇ ಅದರ ಪ್ಯಾಕಿಂಗು. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ಹುಟ್ಟಿದ ಹಾಪ್‌ಕಾಮ್ಸ್ ಮಳಿಗೆ ದಾರಿಯಲ್ಲಿ ಕಂಡರೆ ಒಂದು ಸೀಬೆಹಣ್ಣನ್ನೂ ತೂಗಿಸಿಕೊಳ್ಳಿ.

ಇನ್ನು ನೀರು. ಬಾಟಲಿ ಜೊತೆಗಿದ್ದರೂ ಬೇಕೆಂದೇ ಕುಡಿಯದವರು ರಸ್ತೆಯಲ್ಲಿ ಬಹಳ. ಶೌಚಾಲಯ ಎಲ್ಲಿ ಎಂಬ ಚಿಂತೆ. ಹೂವಿನ ಬುಟ್ಟಿ ಬಿಟ್ಟೇಳಲಾಗದ ಹೆಂಗಸರಿಗೆ ಇದು ದಿನನಿತ್ಯದ ಹಿಂಸೆ. ಮೂತ್ರಕೋಶದ ಸೋಂಕು, ಕಲ್ಲು ಇದರಿಂದಲೇ ಹೆಚ್ಚುತ್ತವೆ. ಶೌಚಾಲಯ ಕಟ್ಟಿಸಿ ಶುಚಿಯಾಗಿಡುವುದು ಪಾಲಿಕೆಯ ಹೊಣೆ, ಬುತ್ತಿಯಿಂದ ಅದು ಬಗೆಹರಿಯದು. ಅಲ್ಲಿಯವರೆಗೆ ಒಂದೇ ಸಲ ಬಾಟಲಿ ಖಾಲಿ ಮಾಡುವ ಬದಲು ಗಂಟೆಗೆ ಒಂದು ಲೋಟದಂತೆ ಹಂಚಿಕೊಳ್ಳಿ. ಟೀಯಲ್ಲಿ ಒಂದನ್ನು ಬಿಟ್ಟು ಆ ಜಾಗಕ್ಕೆ ನೀರುಮಜ್ಜಿಗೆ ತನ್ನಿ, ಉಪ್ಪು ಚಿಟಿಕೆಯಷ್ಟೇ. ಕುಡಿದದ್ದು ಸಾಲುತ್ತಿದೆಯೇ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿದರೆ ಆಯಿತು: ತಿಳಿ ಹಳದಿಯಾಗಿದ್ದರೆ ಸರಿ, ಕಡು ಹಳದಿಯಾಗಿದ್ದರೆ ಮುಂದಿನ ಆರ್ಡರಿಗೆ ಮೊದಲು ಇನ್ನೊಂದು ಲೋಟ ನೀರು.