ಪಿಯಾನೋ ಮೇಷ್ಟ್ರು ಫೋನಿನೊಳಗೆ, ಮಗುವಿನ ಮಣಿಕಟ್ಟು ಯಾರ ಕೈಲಿ?

ಮೈಸೂರು: ಒಂದು ಕಾಲಕ್ಕೆ ಈ ಊರಿನಲ್ಲಿ ಪಿಯಾನೋ ಅಂದರೆ ಅರಮನೆಯ ಮಾತು, ತಪ್ಪಿದರೆ ಕಾನ್ವೆಂಟಿನ ಮಾತು. ಸಾಮಾನ್ಯರ ಮನೆಯಲ್ಲಿ ಇದ್ದರೆ ಹಾರ್ಮೋನಿಯಂ, ಅದೂ ನಾಟಕದ ಹುಚ್ಚಿದ್ದವರಿಗೆ. ಈಗ ಕಾಲ ತಿರುಗಿದೆ. ಕುವೆಂಪುನಗರದ ಬಾಡಿಗೆ ಮನೆಯಲ್ಲೂ, ನಂಜನಗೂಡಿನ ಅಂಗಡಿಯ ಹಿಂದಿನ ಕೋಣೆಯಲ್ಲೂ ಸಂಜೆ ಏಳಾಯಿತೆಂದರೆ ಮಗು ಕೀಬೋರ್ಡಿನ ಮುಂದೆ ಕೂರುತ್ತದೆ. ಮೇಷ್ಟ್ರು ಮೊಬೈಲಿನೊಳಗೆ. ಅವರು ಬೆಂಗಳೂರಿನವರಿರಬಹುದು, ಗೋವಾದವರಿರಬಹುದು, ಸಮುದ್ರದಾಚೆಯವರೂ ಇರಬಹುದು.

2020ರ ಮಾರ್ಚಿನಲ್ಲಿ ಕೊರೋನಾ ಬಂದು ಊರಿಗೆ ಊರೇ ಬಾಗಿಲು ಹಾಕಿದಾಗ ಬಲವಾಗಿ ಬೇರೂರಿದ ಪದ್ಧತಿ ಇದು. ಲಾಕ್‌ಡೌನ್ ಹೋಯಿತು, ಪಾಠ ಉಳಿಯಿತು. ಉಳಿದದ್ದಕ್ಕೆ ಕಾರಣವೂ ಇದೆ. ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಊರಿನ ಇನ್ನೊಂದು ತುದಿಗೆ ಹೋಗಿ, ಪಾಠ ಮುಗಿಯೋವರೆಗೆ ಬೀದಿಯಲ್ಲಿ ನಿಂತು ಕಾಯುವ ಕೆಲಸ ತಪ್ಪಿತು. ಆರೂವರೆ ಬಸ್ಸಿನಲ್ಲಿ ಕೆಲಸ ಮುಗಿಸಿ ಬರುವ ತಾಯಿಗಂತೂ ಇದು ವರದಾನ. ಪಿಯಾನೋ ಮೇಷ್ಟ್ರೇ ಸಿಗದ ಹುಣಸೂರು, ಕೆ.ಆರ್.ನಗರದಂಥ ಊರಿನ ಮಕ್ಕಳಿಗೆ ಬೇರೆ ದಾರಿಯೂ ಕಡಿಮೆ.

ಆದರೆ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಒಂದೇ. ಇಷ್ಟು ದುಡ್ಡು ಸುರಿದರೆ ಮಗು ನಿಜವಾಗಿ ಕಲಿಯುತ್ತಾ, ಇಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾ? ಉತ್ತರ ಇಷ್ಟೇ: ಕಲಿಯುತ್ತೆ, ಮನೆಯ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತರೆ.

ಅರಮನೆಯ ಪಿಯಾನೋ

ಪಿಯಾನೋ ಮೈಸೂರಿಗೆ ಹೊಸದೇನಲ್ಲ. ಜಯಚಾಮರಾಜ ಒಡೆಯರ್ ಬರೀ ಕೇಳುಗರಾಗಿರಲಿಲ್ಲ, ಕೂತು ಕಲಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. 1945ರಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋ ಪದವಿ ಕೊಟ್ಟಿತು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರೂ ಇವರೇ. ಅದಕ್ಕೆ ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಂಚೆರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದ್ದಾರೆ. ಒಂದು ಕಲಿತರೆ ಇನ್ನೊಂದು ಕೆಡುತ್ತೆ ಅನ್ನೋರಿಗೆ ಇಷ್ಟು ಉತ್ತರ ಸಾಕು.

ಈಗಿನ ಮಗುವಿಗೂ ಇದು ಪೂರ್ತಿ ಪರಕೀಯವಲ್ಲ. ಪಿಯಾನೋದಲ್ಲಿ ಸಿ ಕೀಯಿಂದ ಶುರು ಮಾಡಿ ಬಿಳಿ ಕೀಗಳನ್ನೇ ಸಾಲಾಗಿ ಒತ್ತಿಕೊಂಡು ಹೋದರೆ ಬರೋದು ನಮ್ಮ ಶಂಕರಾಭರಣದ ಸ್ವರಗಳೇ. ಗಮಕ ಮಾತ್ರ ಬರೋದಿಲ್ಲ. ಕೀ ಒತ್ತಿದ ಮೇಲೆ ಸ್ವರವನ್ನು ಅಲುಗಿಸುವಂತಿಲ್ಲ.

ಕೊಳ್ಳುವ ಮುನ್ನ

ಮೊದಲ ಎಡವಟ್ಟು ಆಗೋದು ಅಂಗಡಿಯಲ್ಲೇ. ಕೀಬೋರ್ಡ್ ಬೇರೆ, ಪಿಯಾನೋ ಬೇರೆ. ಪೂರ್ತಿ ಪಿಯಾನೋಗೆ 88 ಕೀ: ಬಿಳಿ 52, ಕಪ್ಪು 36. ಮನೆಗೆ ಬರುವ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ 61. ಶುರುವಿಗೆ ಅಷ್ಟು ಸಾಕು, ಅದೇನು ತಪ್ಪಲ್ಲ. ನೋಡಬೇಕಾದ್ದು ಬೇರೆ.

ಹಾರ್ಮೋನಿಯಂ ಕೀಯನ್ನು ಮೆಲ್ಲಗೆ ಒತ್ತಿದರೂ ಒಂದೇ, ಗುದ್ದಿದರೂ ಒಂದೇ. ಸದ್ದು ಏರೋದು ಇಳಿಯೋದು ತಿದಿಯಿಂದ. ಪಿಯಾನೋ ಹಾಗಲ್ಲ. ಕೀ ಒತ್ತಿದರೆ ಒಳಗೆ ಸುತ್ತಿಗೆಯೊಂದು ಹೋಗಿ ತಂತಿಗೆ ಬಡಿಯುತ್ತದೆ. ಬೆರಳು ಮೆಲ್ಲಗೆ ಬಿದ್ದರೆ ಮೆಲು ದನಿ, ಜೋರಾಗಿ ಬಿದ್ದರೆ ಜೋರು ದನಿ. ಸುಮಾರು 1700ರ ಹೊತ್ತಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ ಎಂಬಾತ ಇದನ್ನು ಕಟ್ಟಿದ್ದೇ ಈ ಗುಣಕ್ಕಾಗಿ. ಪಿಯಾನೋಫೋರ್ಟೆ ಎಂಬ ಹೆಸರಿನ ಅರ್ಥವೇ ಮೆಲ್ಲಗೆ, ಜೋರಾಗಿ ಅಂತ.

ಆದ್ದರಿಂದ ಕೀಬೋರ್ಡ್ ಕೊಳ್ಳುವಾಗ ಒಂದೇ ಕೀಯನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಒತ್ತಿ ನೋಡಿ. ದನಿ ಬದಲಾಗದಿದ್ದರೆ ಅದು ಆಟದ ಸಾಮಾನು. ನೂರು ತರಹ ಸದ್ದು, ಇನ್ನೂರು ತರಹ ತಾಳ ಇದೆ ಅಂತ ಅಂಗಡಿಯವರು ಹೇಳುವ ಪಟ್ಟಿ ಮಗುವಿನ ಕಲಿಕೆಗೆ ಬೇಕಾಗಿಲ್ಲ. ತೂಕದ ಕೀ ಇರುವ 88ರ ಡಿಜಿಟಲ್ ಪಿಯಾನೋ ಒಳ್ಳೆಯದೇ. ಆದರೆ ಬೆಲೆ ಕೀಬೋರ್ಡಿನ ಕೆಲವು ಪಟ್ಟು. ಮಗು ಒಂದು ವರ್ಷ ನಿಂತು ಕಲಿಯುತ್ತೋ ನೋಡಿ ಆಮೇಲೆ ಕೈ ಹಾಕುವುದು ಜಾಣತನ.

ಪಾಠ ನಡೆಯೋ ಪರಿ

ಫೋನಿನ ಪಾಠದಲ್ಲಿ ಒಂದು ವಿಚಿತ್ರ ಇದೆ. ಮೇಷ್ಟ್ರು ಮತ್ತು ಮಗು ಒಟ್ಟಿಗೆ ನುಡಿಸೋಕೆ ಆಗೋದಿಲ್ಲ. ಅವರ ಸದ್ದು ಇವರಿಗೆ ತಲುಪುವಾಗ ಒಂದು ಚಿಟಿಕೆಯಷ್ಟು ತಡ. ಇವರ ಸದ್ದು ವಾಪಸು ಹೋಗುವಾಗ ಇನ್ನೊಂದು ಚಿಟಿಕೆ. ಮಾತಿಗೆ ಈ ತಡ ಲೆಕ್ಕಕ್ಕಿಲ್ಲ, ತಾಳಕ್ಕೆ ಮಾತ್ರ ಕುತ್ತು. ಹಾಗಾಗಿ ಮೇಷ್ಟ್ರು ಒಂದು ಸಾಲು ನುಡಿಸುತ್ತಾರೆ, ಮಗು ಕೇಳಿಸಿಕೊಂಡು ನುಡಿಸುತ್ತದೆ. ನಮ್ಮ ಸಂಗೀತ ಪಾಠದಲ್ಲಿ ಹೇಳಿಕೊಟ್ಟು ಹೇಳಿಸೋ ಹಾಗೆ.

ಇನ್ನೊಂದು ತೊಂದರೆ. ಈ ವಿಡಿಯೋ ಆ್ಯಪುಗಳನ್ನು ಮಾಡಿರೋದು ಮಾತಾಡೋರಿಗಾಗಿ. ಮಾತಲ್ಲದ ಸದ್ದನ್ನೆಲ್ಲ ಗಲಾಟೆ ಅಂತ ತಿಳಿದು ಅವು ಅಮುಕಿಬಿಡುತ್ತವೆ. ಪಿಯಾನೋದ ಎಳೆದ ಸ್ವರವೂ ಅವುಗಳ ಲೆಕ್ಕದಲ್ಲಿ ಗಲಾಟೆಯೇ. ಮಗು ಚೆನ್ನಾಗಿ ನುಡಿಸಿದರೂ ಮೇಷ್ಟ್ರಿಗೆ ಅರ್ಧಂಬರ್ಧ ಕೇಳುತ್ತದೆ. ಜೂಮ್‌ನಲ್ಲಿ ಇದನ್ನು ತಪ್ಪಿಸಲು 'ಒರಿಜಿನಲ್ ಸೌಂಡ್' ಎಂಬ ಸೆಟ್ಟಿಂಗ್ ಇದೆ. ಒಮ್ಮೆ ಆನ್ ಮಾಡಿಸಿಕೊಂಡರೆ ಅರ್ಧ ತಕರಾರು ಮುಗಿಯಿತು.

ಇನ್ನು ಫೋನು ಯಾರದು? ಸಾಮಾನ್ಯವಾಗಿ ಯಜಮಾನರದು. ದಿನಸಿ ಹೋಲ್‌ಸೇಲಿನವನ ಕಾಲ್ ಬಂತೋ, ಪಾಠ ಕಟ್. ಗಿರಾಕಿ ದುಡ್ಡು ಹಾಕಿದ ಮೆಸೇಜ್ 'ಟಿಣ್' ಅಂದರೆ ಮಗುವಿನ ಕಣ್ಣು ಅತ್ತ. ವಾರಕ್ಕೆ ಒಂದೆರಡು ಸಲ ಅರ್ಧ ಗಂಟೆ ಆ ಫೋನಿಗೆ ರಜೆ ಕೊಡಲಾಗದಿದ್ದರೆ ಈ ಪಾಠಕ್ಕೆ ಸೇರಿಸದಿರುವುದೇ ಲೇಸು.

ಅಸಲಿ ವಿಷಯ ಮಣಿಕಟ್ಟು

ಮೇಷ್ಟ್ರು ಎದುರಿಗಿದ್ದರೆ ಮಗುವಿನ ಕೈ ಹಿಡಿದು ತಿದ್ದುತ್ತಾರೆ. ಬಿದ್ದ ಮಣಿಕಟ್ಟನ್ನು ಎತ್ತುತ್ತಾರೆ, ಚಪ್ಪಟೆಯಾದ ಬೆರಳನ್ನು ಬಾಗಿಸುತ್ತಾರೆ, ಬಿಗಿಹಿಡಿದ ಭುಜ ತಟ್ಟಿ ಸಡಿಲಿಸುತ್ತಾರೆ. ಫೋನಿನೊಳಗಿನ ಮೇಷ್ಟ್ರಿಗೆ ಕೈ ಇಲ್ಲ. ಎಷ್ಟೋ ಮನೆಗಳಲ್ಲಿ ಫೋನ್ ಇಡೋದೇ ಮಗುವಿನ ಮುಖಕ್ಕೆ ಎದುರಾಗಿ. ಮುಖ ಕಾಣುತ್ತೆ, ಕೈ ಕಾಣೋದಿಲ್ಲ. ಮೇಷ್ಟ್ರು ತಿದ್ದೋದಾದರೂ ಏನನ್ನು?

ತಾನೇ ಕಲಿಸುತ್ತೇನೆ ಅನ್ನೋ ಆ್ಯಪುಗಳ ಕಥೆಯೂ ಅಷ್ಟೇ. ಸರಿ ಸ್ವರ ಬಿದ್ದರೆ ಹಸಿರು, ತಪ್ಪಿದರೆ ಕೆಂಪು. ಸ್ವರ ಸರಿ ಇದೆಯೋ ಅಂತ ಅದು ಹೇಳುತ್ತೆ. ಯಾವ ಬೆರಳಲ್ಲಿ ಒತ್ತಿತು, ಮಣಿಕಟ್ಟು ಎಷ್ಟು ಬಿಗಿಯಾಗಿತ್ತು ಅಂತ ಕಿವಿ ಕೊಟ್ಟು ಕೇಳಿದರೆ ತಿಳಿಯೋದಿಲ್ಲ. ತಪ್ಪು ಬೆರಳಲ್ಲೇ ಮಗು ಹಸಿರು ಗಳಿಸಿಕೊಂಡು ಹೋಗುತ್ತೆ. ವರ್ಷದ ಮೇಲೆ ಕಷ್ಟದ ಪಾಠ ಬಂದಾಗ ಕೈ ಓಡೋದಿಲ್ಲ, ನೋವು ಬರುತ್ತೆ. ಅಂಟಿದ ಅಭ್ಯಾಸ ಬಿಡಿಸೋದು ಹೊಸದಾಗಿ ಕಲಿಸೋದಕ್ಕಿಂತ ಕಷ್ಟ.

ಇದಕ್ಕೆ ಮನೆಯವರು ಸಂಗೀತ ಬಲ್ಲವರಾಗಬೇಕಿಲ್ಲ. ಫೋನನ್ನು ಪಕ್ಕದಲ್ಲಿ, ಸ್ವಲ್ಪ ಎತ್ತರದಲ್ಲಿ, ಮೊಣಕೈಯಿಂದ ಬೆರಳ ತುದಿವರೆಗೆ ಕಾಣುವಂತೆ ಇಟ್ಟರೆ ಆಯಿತು. ಕೀಬೋರ್ಡನ್ನು ಮಂಚದ ಮೇಲೆ, ನೆಲದ ಮೇಲೆ ಇಡಬಾರದು. ಹಾರ್ಮೋನಿಯಂ ಥರ ಚಕ್ಕಳಮಕ್ಕಳ ಹಾಕಿ ನುಡಿಸೋ ವಾದ್ಯ ಇದಲ್ಲ. ಮೊಣಕೈ ಹೆಚ್ಚುಕಮ್ಮಿ ಕೀಗಳ ಮಟ್ಟಕ್ಕೆ ಬರುವಂತೆ ಮಗು ಕೂರಬೇಕು, ಕಾಲು ನೇತಾಡದಂತೆ ಕೆಳಗೊಂದು ಮಣೆ ಇರಬೇಕು. ಹೆಬ್ಬೆರಳು ಒಂದು, ಕಿರುಬೆರಳು ಐದು. ಪುಸ್ತಕದಲ್ಲಿ ಸ್ವರದ ಪಕ್ಕ ಬರೆದ ಅಂಕಿಗೂ ಮಗುವಿನ ಬೆರಳಿಗೂ ತಾಳೆ ಇದೆಯೋ ಅಂತ ಅಕ್ಷರ ಬಾರದ ಅಜ್ಜಿಯೂ ನೋಡಬಲ್ಲಳು.

ವಠಾರದ ಮನೆಯವರು ಅಕ್ಕಪಕ್ಕದವರಿಗೆ ಹೆದರಿ ಮಗುವಿನ ಕಿವಿಗೆ ಹೆಡ್‌ಫೋನ್ ಹಾಕಿಸುತ್ತಾರೆ. ಪಕ್ಕದವರಿಗೆ ನೆಮ್ಮದಿ, ನಿಜ. ಆದರೆ ಮಗು ಅಭ್ಯಾಸ ಮಾಡುತ್ತಿದೆಯೋ, ಕಾಲ ಕಳೆಯುತ್ತಿದೆಯೋ ಹೆತ್ತವರಿಗೂ ಗೊತ್ತಾಗೋದಿಲ್ಲ. ದಿನಾ ಹದಿನೈದು ನಿಮಿಷ, ಸಣ್ಣ ದನಿಯಲ್ಲಾದರೂ ಕೇಳುವಂತೆ ನುಡಿಸಲಿ. ಭಾನುವಾರ ಒಂದೇ ದಿನ ಎರಡು ಗಂಟೆ ಕೂರಿಸೋದಕ್ಕಿಂತ ಅದು ಮೇಲು.

ಜೇಬಿನ ಕಡೆಯೂ ಕಣ್ಣಿರಲಿ

ಡೆಮೊ ಕ್ಲಾಸ್ ಬಿಟ್ಟಿ. ಅದು ಮುಗಿಯುತ್ತಿದ್ದ ಹಾಗೇ ಫೋನ್ ಬರುತ್ತೆ: ವರ್ಷದ ಫೀಸು ಒಟ್ಟಿಗೆ ಕಟ್ಟಿ, ಇವತ್ತೇ ಕಟ್ಟಿದರೆ ರಿಯಾಯಿತಿ. ಇವತ್ತೇ ಅಂದವರಿಗೆ ನಾಳೆ ಅನ್ನಿ. ತಿಂಗಳ ಲೆಕ್ಕದಲ್ಲಿ ಕಟ್ಟಿಸಿಕೊಳ್ಳುವವರ ಬಳಿ ಮೂರು ತಿಂಗಳು ನೋಡಿ. ಮೇಷ್ಟ್ರು ಪದೇ ಪದೇ ಬದಲಾಗುತ್ತಾರಾ, ತಪ್ಪಿದ ಕ್ಲಾಸಿಗೆ ಬದಲಿ ಉಂಟಾ, ಬಿಟ್ಟರೆ ದುಡ್ಡು ವಾಪಸಾ? ಉತ್ತರವನ್ನು ಬರಹದಲ್ಲಿ ಪಡೆಯಿರಿ. 'ಇಎಂಐ ಮಾಡಿಕೊಡ್ತೀವಿ' ಅಂದರೆ ಅದು ಸಾಲ. ಮಗು ಪಾಠ ಬಿಟ್ಟರೂ ಕಂತು ಬಿಡೋದಿಲ್ಲ. ತಿಂಗಳಿಗೊಮ್ಮೆ ತಾನೇ ದುಡ್ಡು ಕಡಿತವಾಗುವಂತೆ ಒಪ್ಪಿಗೆ ಕೊಟ್ಟಿದ್ದರೆ, ಕಡಿತಕ್ಕೆ 24 ಗಂಟೆ ಮುಂಚೆ ಮೆಸೇಜ್ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅದನ್ನು ಓದದೆ ಅಳಿಸಬೇಡಿ.

ಮೋಸವಾದರೆ ಗ್ರಾಹಕರ ಸಹಾಯವಾಣಿ 1915. 2019ರ ಗ್ರಾಹಕ ಕಾಯ್ದೆಯ ಪ್ರಕಾರ ಕಂಪನಿ ದಿಲ್ಲಿಯದಾದರೂ ದೂರನ್ನು ನಮ್ಮ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ.

ಸರ್ಟಿಫಿಕೇಟಿನ ಅವಸರ

2020ರಿಂದ ಟ್ರಿನಿಟಿ, ಎಬಿಆರ್‌ಎಸ್‌ಎಂನಂಥ ಲಂಡನ್ ಸಂಸ್ಥೆಗಳು ಮನೆಯಲ್ಲೇ ವಿಡಿಯೋ ತೆಗೆದು ಕಳಿಸುವ ಗ್ರೇಡ್ ಪರೀಕ್ಷೆ ನಡೆಸುತ್ತಿವೆ. ಒಳ್ಳೆಯದೇ. ಆದರೆ ಗ್ರೇಡಿನ ಆಸೆಗೆ ವರ್ಷವಿಡೀ ಮೂರು ನಾಲ್ಕು ಪಾಠಗಳನ್ನೇ ಉರು ಹೊಡೆಸಿದರೆ, ಕೈಗೆ ಸರ್ಟಿಫಿಕೇಟ್ ಬರುತ್ತೆ, ಹೊಸ ಸಾಲೊಂದು ಕೊಟ್ಟರೆ ಮಗು ತಡವರಿಸುತ್ತೆ.

ಕೀಬೋರ್ಡ್ ಬಟ್ಟೆ ಹೊದ್ದು ಅಟ್ಟ ಸೇರಿದ ಮೇಲೆ 'ನಮ್ಮ ಮಗೂಗೆ ಆಸಕ್ತಿ ಇಲ್ಲ' ಅನ್ನೋದು ಬಹಳ ಸುಲಭ. ಹಾಗೆ ಅನ್ನೋ ಮುಂಚೆ, ಮೊದಲ ಮೂರು ತಿಂಗಳು ಪಕ್ಕದಲ್ಲಿ ಕೂತವರು ಯಾರು ಅಂತ ಮನೆಯವರು ಒಂದು ಸಲ ಕೇಳಿಕೊಳ್ಳಲಿ.