ಬೊಂಬೆಯ ಬಿರುಕನ್ನೂ ಬಿಡದ ಕುಂಚ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಚುರುಟಿನ ಅಂಗಡಿಯ ಮುಂದೆ ಆಳೆತ್ತರದ ಮರದ ಬೊಂಬೆಯೊಂದು ನಿಂತಿರುತ್ತಿತ್ತು. ಓದಲು ಬಾರದವರಿಗೂ ಅದೇ ಅಂಗಡಿಯ ಗುರುತು. ಹಾಯಿಹಡಗುಗಳ ಕಾಲ ಮುಗಿಯುತ್ತ ಬಂದಾಗ, ಹಡಗಿನ ಮೂತಿಗೆ ಬೊಂಬೆ ಕೆತ್ತುತ್ತಿದ್ದ ಎಷ್ಟೋ ಕುಶಲಕರ್ಮಿಗಳು ಇದೇ ಕೆಲಸ ಹಿಡಿದರು. ತಲೆಗೆ ಗರಿ, ಕೈಯಲ್ಲಿ ತಂಬಾಕಿನೆಲೆ. ಮೂಲನಿವಾಸಿಗಳೆಂದು ಕೆತ್ತಿದ ಈ ಆಕೃತಿಗಳು ಬಹುಪಾಲು ಬಿಳಿಯರ ಕಲ್ಪನೆಯವು. ಆ ಜನರಿಗೆ ನ್ಯಾಯ ಮಾಡಿದವಲ್ಲ. ಆದರೂ ಉಳಿಯ ಕೆಲಸ ಮಾತ್ರ ಅಪ್ಪಟ.

ಅಂಥ ಬೊಂಬೆಗಳು ಜಲವರ್ಣಕ್ಕೆ ಇಳಿದದ್ದು ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಚಿತ್ರ ವಿಭಾಗ ನೋಡಿಕೊಳ್ಳುತ್ತಿದ್ದವರು ರೊಮಾನಾ ಜಾವಿಟ್ಸ್. ತಮ್ಮದೇ ನಾಡಿನ ಹಳೆಯ ಕುಸುರಿಯ ಚಿತ್ರ ಕೇಳಿಕೊಂಡು ಬಂದವರಿಗೆ ಕೊಡಲು ಅಲ್ಲಿ ಸಾಕಷ್ಟು ಇರಲಿಲ್ಲ. ಜಾವಿಟ್ಸ್ ಅವರೂ ಜವಳಿ ವಿನ್ಯಾಸಕಿ ರೂತ್ ರೀವ್ಸ್ ಅವರೂ ಸೇರಿ ಇದಕ್ಕೊಂದು ಯೋಜನೆ ಹೊಸೆದರು. ರೂಸ್‌ವೆಲ್ಟ್ ಸರ್ಕಾರ ಕೆಲಸವಿಲ್ಲದ ಕಲಾವಿದರಿಗೆ ಸಂಬಳ ಕೊಡಲು ಮುಂದಾಗಿದ್ದ ಹೊತ್ತದು. 1935ರಲ್ಲಿ ಆ ಯೋಜನೆ 'ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್' ಎಂಬ ಹೆಸರಿನಲ್ಲಿ ಶುರುವಾಯಿತು. ಹಳೆಯ ವಸ್ತುಗಳನ್ನು ಚಿತ್ರದಲ್ಲಿ ದಾಖಲಿಸುವುದು ಕಲಾವಿದರ ಕೆಲಸ.

ಫೋಟೊ ತೆಗೆದರೆ ಸಾಲದೆ? ಬಣ್ಣದ ಫೋಟೊ ಆಗಿನ್ನೂ ದುಬಾರಿ, ಬಣ್ಣ ನಿಲ್ಲುವ ಭರವಸೆಯೂ ಇರಲಿಲ್ಲ. ಹಾಗಾಗಿ ಕುಂಚವೇ ಗತಿ. ಮೊದಲು ಪೆನ್ಸಿಲಿನಲ್ಲಿ ಅಳತೆ ತಪ್ಪದ ರೇಖೆ. ಅದರ ಮೇಲೆ ತೆಳು ಬಣ್ಣ, ಒಣಗಿದ ಮೇಲೆ ಇನ್ನೊಂದು ಪದರ, ಮತ್ತೊಂದು. ಬೆಳಕು ಬಿದ್ದ ಕಡೆ ಕಾಗದದ ಬಿಳುಪನ್ನೇ ಬಿಡಬೇಕು. ಬಣ್ಣ ಚಕ್ಕೆಯೆದ್ದ ಮೊಣಕೈ, ಎದೆಯುದ್ದಕ್ಕೆ ಸೀಳಿದ ಬಿರುಕು, ಮಳೆಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದ ಮರದ ನಾರು, ಎಲ್ಲವನ್ನೂ ಇದ್ದಂತೆಯೇ ತರಬೇಕು. ಹೊಸದಾಗಿ ಕಾಣುವಂತೆ ತಿದ್ದಿದರೆ ದಾಖಲೆ ಕೆಟ್ಟಂತೆ. ಸ್ವಂತ ಶೈಲಿ ಬದಿಗಿಟ್ಟು, ಹೆಸರಿಲ್ಲದ ಬಡಗಿಯ ಕೈಚಳಕವನ್ನು ಮುಂದಿಟ್ಟ ಈ ಕಲಾವಿದರ ಸಂಯಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇದನ್ನು ಬರೀ ನಕಲು ಎನ್ನುವುದು ಅನ್ಯಾಯ.

1942ರಲ್ಲಿ ಯುದ್ಧದ ನಡುವೆ ಕೆಲಸ ನಿಲ್ಲುವಷ್ಟರಲ್ಲಿ ಗೊಂಬೆ, ಕುರ್ಚಿ, ಕೌದಿ, ಮಡಕೆ ಎಲ್ಲ ಸೇರಿ 18,000ಕ್ಕೂ ಹೆಚ್ಚು ಚಿತ್ರಗಳಾಗಿದ್ದವು. ಈಗ ಅವು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿವೆ. ಅದರ ಜಾಲತಾಣದಲ್ಲಿ ಕಾಸು ಕೊಡದೆ ನೋಡಬಹುದು. ಬಿಡುವಾದಾಗ ಒಂದನ್ನಾದರೂ ತೆರೆದು, ದೊಡ್ಡದು ಮಾಡಿ, ಮರದ ನಾರನ್ನು ನಿಧಾನವಾಗಿ ನೋಡಿ.