ಮನೆಯಲ್ಲೇ ಮರಗೆಲಸ ಮಾಡ್ತೀರಾ? ಮೊದಲು ಮರ ಅಲುಗದಂತೆ ನೋಡಿಕೊಳ್ಳಿ

ರಜೆ ದಿನ ಸ್ಟೂಲು, ಗೋಡೆ ಶೆಲ್ಫು ಮಾಡಿಕೊಳ್ಳುವ ಹವ್ಯಾಸ ಇರುವವರು ಮೊದಲು ದುಡ್ಡು ಹಾಕೋದು ಗರಗಸ, ಉಳಿಗೆ. ಮರ ಹಿಡಿಯಲು ಮಾತ್ರ ಎಡಗೈಯೇ ಗತಿ. ಮರ ಜಾರಿದರೆ ಉಳಿ ನೇರ ಆ ಕೈಗೇ ಬರುತ್ತದೆ. ಇದನ್ನು ತಪ್ಪಿಸಲು ದುಬಾರಿ ವೈಸ್ ಬೇಕಿಲ್ಲ, ಗಟ್ಟಿ ಮೇಜಿದ್ದರೆ ಈ ಮೂರು ಸಾಕು.

ಕೊಯ್ಯಲು ಆನಿಕೆ ಹಲಗೆ: ಒಂದಡಿ ಉದ್ದ, ಮುಕ್ಕಾಲು ಅಡಿ ಅಗಲದ ಪ್ಲೈವುಡ್ ತುಂಡು, ಎರಡು ರೀಪರ್ ಚೂರು ತಗೊಳ್ಳಿ. ನಿಮ್ಮ ಕಡೆಯ ಅಂಚಿನ ಕೆಳಗೊಂದು, ಆಚೆ ಅಂಚಿನ ಮೇಲೊಂದು ರೀಪರ್ ಅಂಟಿಸಿ. ಕೆಳಗಿನದು ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನದಕ್ಕೆ ಮರ ಒರಗುತ್ತದೆ. ಗರಗಸ ಮುಂದಕ್ಕೆ ತಳ್ಳಿದಷ್ಟೂ ಮರ ಬಿಗಿಯಾಗಿ ಕೂರುತ್ತದೆ. ಮೇಲಿನ ರೀಪರ್‌ಗೆ ಮೊಳೆ ಬೇಡ, ಗರಗಸದ ಹಲ್ಲು ಹಾಳಾದೀತು.

ಹತ್ತರಿ ಹೊಡೆಯಲು ತಡೆಪಟ್ಟಿ: ಮೇಜಿನ ತುದಿಗೆ ಅಡ್ಡಲಾಗಿ ಒಂದು ಪಟ್ಟಿ ಕೂರಿಸಿ, ಹಲಗೆಯನ್ನು ಅದಕ್ಕೆ ಒತ್ತಿಡಿ. ಪಟ್ಟಿ ಹಲಗೆಗಿಂತ ತೆಳ್ಳಗಿರಲಿ, ಸ್ಕ್ರೂ ತಲೆ ಪಟ್ಟಿಯೊಳಗೆ ಇಳಿದಿರಲಿ. ಇಲ್ಲದಿದ್ದರೆ ಹತ್ತರಿಯ ಅಲಗು ಅದಕ್ಕೆ ತಾಗುತ್ತದೆ.

ಉಳಿ ಕೆಲಸಕ್ಕೆ ಸಿ ಕ್ಲ್ಯಾಂಪ್: ದುಡ್ಡು ಕೊಟ್ಟು ಕೊಳ್ಳಬೇಕಾದ್ದು ಇದೊಂದೇ. ಎರಡಿದ್ದರೆ ಮರ ತಿರುಗಲ್ಲ. ಮೇಜು, ಮರ ಎರಡರ ದಪ್ಪ ಕೂಡಿಸಿ, ಅದಕ್ಕಿಂತ ಹೆಚ್ಚು ಬಾಯಿ ಅಗಲವಾಗುವ ಕ್ಲ್ಯಾಂಪ್ ಕೇಳಿ. ನಡುವೆ ರಟ್ಟು ಅಥವಾ ಪ್ಲೈ ಚೂರು ಇಟ್ಟರೆ ಮರಕ್ಕೆ ಗುರುತು ಬೀಳದು.

ರೀಪರ್, ಪ್ಲೈ ಚೂರುಗಳು ಮರದ ಅಂಗಡಿಯ ಮೂಲೆಯಲ್ಲಿ ಬಿದ್ದಿರುತ್ತವೆ, ಕೇಳಿ ನೋಡಿ. ಮರ ಬಿಗಿಯಾದ ಮೇಲೆ ಎರಡೂ ಕೈ ಉಳಿಯ ಅಲಗಿನ ಹಿಂದೆಯೇ ಇರಲಿ.